ಲ್ಯಾಪ್‌ಟಾಪಿನ ಕೋಟು

ಬೆಳಿಗ್ಗೆ ಏಳು ಗಂಟೆಗೆ ನಾವು ಮಾತಿಲ್ಲದೆ ಹೊಲಿಗೆ ಮಿಷನ್ನುಗಳ ಹೊಟ್ಟೆ ಬಿಚ್ಚುತ್ತೇವೆ. ಸೂಜಿಯ ಕೆಳಗಿನ ತಗಡು ಸರಿಸಿ, ಬಾಬಿನ್ ತೆಗೆದಿಟ್ಟು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಒಳಗೆ ಕೂತ ನೂಲಿನ ಧೂಳನ್ನು ಕೆರೆದು ತೆಗೆಯುತ್ತೇವೆ. ಬಿಳಿ ಕೋಟು ಹೊಲಿದ ಮರುದಿನ ಬಿಳಿ ಧೂಳು, ಕಪ್ಪು ಪ್ಯಾಂಟು ಹೊಲಿದ ಮರುದಿನ ಕಪ್ಪು ಧೂಳು. ಮುಟ್ಟಿದರೆ ಬೆಕ್ಕಿನ ಮರಿಯ ಹೊಟ್ಟೆಯ ಹಾಗೆ ಮೆತ್ತಗೆ. ಆಮೇಲೆ ಮೂರು ಕಡೆ ಒಂದೊಂದು ಹನಿ ಎಣ್ಣೆ. ಚಿಂದಿಯ ಮೇಲೆ ನಾಲ್ಕು ಗೆರೆ ಹೊಲಿದು, ಎಣ್ಣೆಯ ಕಲೆ ಬೀಳುವುದು ನಿಂತಿತೆಂದರೆ ಕೆಲಸ ಶುರು.

ಅಲ್ಲಿಯವರೆಗೆ ಯಾರೂ ಬಾಯಿ ಬಿಡಬಾರದು. ಇದು ಅಪ್ಪನ ಕಟ್ಟಳೆ. ಮಿಷನ್ನಿನ ಮೊದಲ ಸದ್ದು ಕೇಳಿಯೇ ಅವನು ಅದರ ಯೋಗಕ್ಷೇಮ ತಿಳಿದುಕೊಳ್ಳುತ್ತಾನೆ. "ಮೊದಲು ಅದು ಮಾತಾಡ್ಲಿ, ಆಮೇಲೆ ನೀವು" ಅನ್ನುತ್ತಾನೆ. ಮನೆಯಲ್ಲಿ ಈ ಕಟ್ಟಳೆಯಿಂದ ಏನೂ ತೊಂದರೆ ಆಗದವಳು ನಾನೊಬ್ಬಳೇ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದು ನಿಜವಾದರೆ ನಮ್ಮಲ್ಲಿ ನನ್ನಷ್ಟು ಶ್ರೀಮಂತರು ಬೇರೆ ಯಾರೂ ಇಲ್ಲ.

ಮಿಷನ್ನು ಮೂರು, ಜನ ನಾಲ್ಕು. ಅಪ್ಪ, ಅಮ್ಮ, ನಾನು ಒಂದೊಂದು ಮಿಷನ್ ಹಿಡಿದರೆ ಅಣ್ಣ ಕತ್ತರಿಗಳನ್ನು ಒರೆಸುತ್ತಿದ್ದ. ಲ್ಯಾಪ್‌ಟಾಪ್ ಬಂದಂದಿನಿಂದ ಅವನು ಲ್ಯಾಪ್‌ಟಾಪ್ ಒರೆಸುತ್ತಾನೆ. ಕತ್ತರಿಗಳನ್ನು ಯಾರೂ ಒರೆಸುವುದಿಲ್ಲ.

ನಮ್ಮದು ಕೆಲಸದ ಬಟ್ಟೆ ಹೊಲಿಯುವ ಮನೆ. ಆಸ್ಪತ್ರೆಯ ಕೋಟು, ಅಡುಗೆಯವರ ಏಪ್ರನ್ನು, ಕಾರ್ಖಾನೆಯ ಅಂಗಿ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಕೋಣೆಯೇ ಸಂಸಾರ. ಒಂದು ಕೋಟಿನ ನಮೂನೆಯನ್ನು ಕಂದು ಕಾಗದದ ಮೇಲೆ ಬರೆದು, ಅದನ್ನು ಹಿಗ್ಗಿಸಿ ಕುಗ್ಗಿಸಿ ಎಂಟು ಅಳತೆ ಮಾಡುವುದಕ್ಕೆ ಅಪ್ಪನಿಗೆ ಒಂದು ವಾರ ಹಿಡಿಯುತ್ತದೆ. ಲ್ಯಾಪ್‌ಟಾಪಿಗೆ ಒಂದು ಅಳತೆ ಕೊಟ್ಟರೆ ಉಳಿದ ಏಳನ್ನು ಅದೇ ಮಾಡಿಕೊಡುತ್ತದೆ. ಮಾರಿದವನು ನಮ್ಮೆದುರೇ ಹಾಗೆ ಮಾಡಿ ತೋರಿಸಿದ. ನಾನು ಬಾಗಿಲ ಹಿಂದೆ ನಿಂತು ನೋಡಿದೆ. ಗೆರೆಯ ಮೇಲೊಂದು ಚುಕ್ಕೆ ಹಿಡಿದು ಎಳೆದರೆ ಇಡೀ ಗೆರೆ ಬಾಗಿತು. ರಬ್ಬರಿನಿಂದ ಅಳಿಸಬೇಕಾಗಿಲ್ಲ, ಕಾಗದ ಹರಿಯುವ ಭಯವಿಲ್ಲ. ಆ ಕ್ಷಣದಿಂದ ನನ್ನ ಬೆರಳುಗಳು ತುರಿಸತೊಡಗಿದವು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ವರ್ಷ ಅಮ್ಮನ ಬೆನ್ನು ಹಿಡಿದುಕೊಂಡಿತು, ಕಾಜಾ ಹಾಕುವುದಕ್ಕೆ ಒಬ್ಬರು ಬೇಕಾಯಿತು. ಕಾಜಾ ಅಂದರೆ ಗುಂಡಿ ತೂರುವ ಸೀಳು, ಅದರ ಅಂಚಿಗೆ ಒತ್ತಾಗಿ ಹಾಕುವ ದಾರ. ಆಗ ಕೂತವಳು ಇನ್ನೂ ಎದ್ದಿಲ್ಲ. ಕಾಜಾ ಹಾಕುತ್ತ ಹಾಕುತ್ತ ಅಪ್ಪ ಬರೆಯುವ ಗೆರೆಗಳನ್ನೆಲ್ಲ ನೋಡಿಕೊಂಡೆ. ಕಲಿಸಿದರೆ ಕಲಿತೆ ಅನ್ನಬಹುದು, ಇದು ಕದ್ದದ್ದು.

ಅಣ್ಣನನ್ನು ಕೇಳಿದೆ. ಆ ವಾರ ನಾನಾಗಿ ಕೇಳಿದ್ದು ಅದೊಂದೇ.

"ಅಣ್ಣ, ನಂಗೂ ಸ್ವಲ್ಪ ಕಲಿಸ್ತೀಯಾ?"

"ಅದಕ್ಕೇನಂತೆ. ದಿನಾ ಒಂದು ಗಂಟೆ ನೀನೂ ಕೂತ್ಕೋ. ಈಗ ಬಿಸಿಯಾಗಿದೆ, ತಣ್ಣಗಾಗ್ಲಿ."

ಅದು ಆಮೇಲೆ ತಣ್ಣಗಾಗಲೇ ಇಲ್ಲ.

ತಪ್ಪು ಅದರದ್ದಲ್ಲ. ಮನೆಗೆ ಬಂದ ದಿನವೇ ಅಮ್ಮ ಅದನ್ನು ಮೇಲೆ ಕೆಳಗೆ ನೋಡಿ, "ಇಷ್ಟು ಒಳ್ಳೆ ಸಾಮಾನು, ಹೀಗೆ ಬರೀ ಮೈಯಲ್ಲಿ ಇಡೋದಾ?" ಅಂದಳು. ನಮ್ಮ ಮನೆಯಲ್ಲಿ ಬರಿಮೈಯಲ್ಲಿ ಯಾವುದೂ ಇರುವುದಿಲ್ಲ. ಇಸ್ತ್ರಿಪೆಟ್ಟಿಗೆಗೆ ಟೊಪ್ಪಿಗೆ ಇದೆ, ನೀರಿನ ಜಗ್ಗಿಗೆ ಲಂಗ ಇದೆ. ಗೋಡೆ ಗಡಿಯಾರಕ್ಕೂ ಒಂದು ಕುಪ್ಪಸ ಹೊಲಿದಿದ್ದಳು, ಗಂಟೆ ಕಾಣುವುದಿಲ್ಲವೆಂದು ಅಪ್ಪ ಬಿಚ್ಚಿಸಿದ. ಅಮ್ಮ ಟೇಪು ತಂದು ಲ್ಯಾಪ್‌ಟಾಪಿನ ಅಳತೆ ತೆಗೆದುಕೊಂಡಳು. ಉದ್ದ, ಅಗಲ, ದಪ್ಪ, ಮಡಿಸುವ ಕಡೆ ಬೆನ್ನಿನ ಅಳತೆ. ಎರಡು ದಿನ ಕೂತು ಕೋಟು ಹೊಲಿದಳು. ಹೊರಗೆ ನೀಲಿ ಮಖಮಲ್ಲು, ಒಳಗೆ ಲೈನಿಂಗ್ ಬಟ್ಟೆ, ನಡುವೆ ಕೋಟಿನ ಭುಜಕ್ಕೆ ಹಾಕುವ ಸ್ಪಂಜು. ಕೀಲಿಗಳು ಕಾಣುವಷ್ಟು ಜಾಗ ಮಾತ್ರ ಬಿಟ್ಟು ಅಡಿಯನ್ನೂ ಪಕ್ಕಗಳನ್ನೂ ಪೂರ್ತಿ ಮುಚ್ಚಿದಳು. ಹೊಲಿಗೆ ಎಷ್ಟು ಬಿಗಿಯೆಂದರೆ ಒಂದು ಕೂದಲು ತೂರಿಸುವುದಕ್ಕೂ ಎಡೆಯಿಲ್ಲ. ಅಮ್ಮನ ಕೈಕೆಲಸದಲ್ಲೆಲ್ಲ ಅದೇ ಶ್ರೇಷ್ಠ ಎಂದು ನಾನು ಈಗಲೂ ಹೇಳುತ್ತೇನೆ.

ಅಂದು ಸಂಜೆಯಿಂದಲೇ ಅದಕ್ಕೆ ಜ್ವರ.

ಮೊದಲು ಸಣ್ಣಗೆ ಗುಂಯ್‌ಗುಟ್ಟಿತು. ಆಮೇಲೆ, ಒಳಗೆ ಯಾರೋ ತಲೆಗೂದಲು ಒಣಗಿಸಿಕೊಳ್ಳುತ್ತಿದ್ದಾರೆ ಅನ್ನುವ ಹಾಗೆ ಬುಸುಗುಟ್ಟಿತು.

"ಇದರೊಳಗೆ ಫ್ಯಾನಿದೆ," ಅಂದ ಅಣ್ಣ, ತಾನೇ ಇಟ್ಟವನ ಹಾಗೆ.

"ಒಳಗೇ ಫ್ಯಾನಾ? ಪುಣ್ಯ ಮಾಡಿದೆ," ಅಂದಳು ಅಮ್ಮ ಕುತ್ತಿಗೆ ಒರೆಸಿಕೊಳ್ಳುತ್ತ.

ಅಪ್ಪ ಕಣ್ಣು ಮುಚ್ಚಿ ಕಿವಿ ಕೊಟ್ಟು ಕೇಳಿದ. "ಒಣಗಿದೆ. ಒಂದು ಹನಿ ಬಿಡೋಣ."

"ಅಪ್ಪಾ! ಎಣ್ಣೆ ಡಬ್ಬಿ ಕೆಳಗಿಡು!"

"ಯಾಕೋ ಹಂಗೆ ಕಿರಿಚ್ತೀಯ? ತಿರುಗೋ ಸಾಮಾನು ಅಂದ್ಮೇಲೆ ಎಣ್ಣೆ ಬೇಡ್ವಾ?"

"ಇದು ಹೊಲಿಗೆ ಮಿಷನ್ನಲ್ಲಪ್ಪಾ."

"ಅದು ಕಾಣ್ತಾನೇ ಇದೆ. ಬಂದಾಗಿಂದ ಒಂದು ಹೊಲಿಗೆ ಹಾಕಿಲ್ಲ." ಅಪ್ಪ ಎಣ್ಣೆ ಡಬ್ಬಿ ಕೆಳಗಿಟ್ಟ, ಆದರೆ ಕೈಗೆಟುಕುವಷ್ಟು ದೂರದಲ್ಲಿ.

ಅಣ್ಣ ಎಲ್ಲಿಂದಲೋ ಬಿಸಿ ಅಳೆಯುವ ಒಂದು ಸಾಫ್ಟ್‌ವೇರ್ ಇಳಿಸಿಕೊಂಡ. ಅಂದಿನಿಂದ ಪರದೆಯ ಮೂಲೆಯಲ್ಲಿ ಒಂದು ಅಂಕಿ ಕೂತಿತು. ಎಂಬತ್ತೆಂಟು, ತೊಂಬತ್ತೊಂದು, ಎಂಬತ್ತೊಂಬತ್ತು. ಮೊದಲು ನಮ್ಮ ಮನೆ ಗಡಿಯಾರ ನೋಡಿಕೊಂಡು ನಡೆಯುತ್ತಿತ್ತು, ಈಗ ಅಂಕಿ ನೋಡಿಕೊಂಡು ನಡೆಯತೊಡಗಿತು. ಬಟ್ಟೆ ಆಯಿತೇ ಎಂದು ಯಾರಾದರೂ ಫೋನ್ ಮಾಡಿದರೆ ಅಣ್ಣ, "ಎಲ್ಲಿ ಸಾರ್, ಬೆಳಿಗ್ಗೆ ಎಂಬತ್ತಿತ್ತು, ಈಗ ತೊಂಬತ್ತು ದಾಟಿದೆ" ಅನ್ನುತ್ತಿದ್ದ. ಒಬ್ಬರು ಗಾಬರಿಯಾಗಿ, "ಅಯ್ಯೋ, ಯಾರಿಗೆ? ತಂದೆಯವರಿಗಾ?" ಎಂದು ಕೇಳಿದರಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಬರೆ ಬಿದ್ದದ್ದು ನನಗೆ ಮತ್ತು ಅಮ್ಮನಿಗೆ. ಇಸ್ತ್ರಿ ಮೇಜಿಗೂ ನನ್ನ ಕಾಜಾ ಮಣೆಗೂ ನಡುವೆ ಇದ್ದ ಟೇಬಲ್ ಫ್ಯಾನನ್ನು ಅಣ್ಣ ಎತ್ತಿಕೊಂಡು ಹೋಗಿ ಬಟ್ಟೆ ಕತ್ತರಿಸುವ ಮೇಜಿನ ಆ ಕಡೆ ಲ್ಯಾಪ್‌ಟಾಪಿಗೆ ಮುಖ ಮಾಡಿ ನಿಲ್ಲಿಸಿದ. ಗಾಳಿ ಮೇಜಿನ ಮೇಲೆ ಹಾದು, ದಿನವೆಲ್ಲ ಕತ್ತರಿಸಿದ ಬಟ್ಟೆಯ ಧೂಳನ್ನೆಲ್ಲ ಗುಡಿಸಿಕೊಂಡು ನೇರವಾಗಿ ಅದರ ಬಾಯಿಗೆ ಹೋಗುತ್ತಿತ್ತು. ನನಗೆ ಅದು ಕಾಣುತ್ತಿತ್ತು, ಏಕೆಂದರೆ ಕಿಟಕಿಯ ಬಿಸಿಲು ಆ ದಾರಿಯಲ್ಲೇ ಬೀಳುತ್ತದೆ. ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಅಣ್ಣ, "ನೋಡಿದ್ರಾ, ಎರಡು ಡಿಗ್ರಿ ಇಳೀತು!" ಅಂದ. ಮುಚ್ಚಿಕೊಂಡೆ.

ಹೀಗೇ ಎರಡು ವಾರ ಕಳೆಯಿತು. ಮೂರನೆಯ ವಾರದ ಸೋಮವಾರ ಆಸ್ಪತ್ರೆಯ ದೊಡ್ಡ ನರ್ಸಮ್ಮ ಬಂದರು. ಅಲ್ಲಿನ ಕೋಟುಗಳನ್ನೆಲ್ಲ ಹೊಲಿಯುವುದು ನಾವೇ, ನಮ್ಮ ವರ್ಷದ ಅರ್ಧ ಕೆಲಸ ಅದೇ.

"ಮಾಸ್ಟರೇ, ನಿಮ್ಮ ಕೋಟಲ್ಲಿ ಕೈ ಇಳಿಬಿಟ್ಕೊಂಡು ನಿಂತ್ರೆ ರಾಣಿ ಥರ ಕಾಣ್ತೀವಿ. ಆದ್ರೆ ನಾವು ಅಲ್ಲಿಗೆ ನಿಂತ್ಕೊಳ್ಳೋಕೆ ಹೋಗಲ್ವಲ್ಲ?" ಅಂದವರೇ, ಮೇಲಿನ ಕೊಕ್ಕೆಗೆ ಬಾಟಲಿ ನೇತುಹಾಕುವ ಹಾಗೆ ಬಲಗೈ ಎತ್ತಿದರು. ತೋಳಿನ ಜೊತೆ ಇಡೀ ಕೋಟು ಮೇಲೆ ಹೋಯಿತು. ಕೆಳಗಿನ ಅಂಚು ಸೊಂಟಕ್ಕೆ ಬಂತು. "ನೋಡಿ. ದಿನಕ್ಕೆ ನೂರು ಸಲ ಹೀಗೆ. ಹುಡುಗೀರು ಬೈತಾರೆ, ನಿಮ್ಮನ್ನಲ್ಲ, ನನ್ನನ್ನ."

ಅಪ್ಪ ಗಡ್ಡ ಕೆರೆದುಕೊಂಡ.

"ಶನಿವಾರ ಹತ್ತು ಗಂಟೆಗೆ ಬರ್ತೀನಿ. ತೋಳು ಸರಿಮಾಡಿ, ಎಂಟೂ ಅಳತೆಯ ನಮೂನೆ ತೋರ್ಸಿ. ಆ ಲ್ಯಾಪ್‌ಟಾಪಲ್ಲೇ ತೋರ್ಸಿದ್ರೂ ನಡೆಯುತ್ತೆ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಬೇರೆ ಕಡೆ ಕೊಡ್ತೀನಿ." ಹೋಗುವಾಗ ಮಖಮಲ್ಲಿನ ಕೋಟನ್ನು ನೋಡಿ, "ಪರವಾಗಿಲ್ಲ, ಇದಕ್ಕೆ ಮಾತ್ರ ಸರಿಯಾಗಿ ಕೂತಿದೆ" ಅಂದರು. ಅಮ್ಮ ಅದನ್ನು ಹೊಗಳಿಕೆ ಎಂದುಕೊಂಡಳು.

ಅವರು ಕೈ ಎತ್ತಿದಾಗ ಕೋಟು ಎಲ್ಲಿಂದ ಎಳೆಯಿತು ಅನ್ನುವುದನ್ನು ನಾನು ನೋಡಿಕೊಂಡಿದ್ದೆ. ಕಂಕುಳಿನಿಂದ. ಅಲ್ಲಿ ತೋಳಿಗೆ ಹೋಗಲು ಬಟ್ಟೆಯೇ ಇಲ್ಲ, ಪಾಪ ಅದು ಕೆಳಗಿನಿಂದ ಸಾಲ ತರುತ್ತದೆ. ಮಧ್ಯಾಹ್ನ ಕಂದು ಕಾಗದದ ಮೇಲೆ ಕಂಕುಳಿಗೆ ಗಾಳಿಪಟದ ಆಕಾರದ ಒಂದು ಸಣ್ಣ ತುಂಡು ಬರೆದೆ, ತೋಳಿನ ಬಾಗನ್ನು ಅದಕ್ಕೆ ತಕ್ಕಂತೆ ಇಳಿಸಿದೆ. ಹಳೆಯ ಕೋಟೊಂದರ ತೋಳು ಬಿಚ್ಚಿ ಹಾಗೇ ಹೊಲಿದು, ಏನೂ ಹೇಳದೆ ಅಪ್ಪನ ಮುಂದೆ ಇಟ್ಟೆ. ಅಪ್ಪನೂ ಏನೂ ಹೇಳದೆ ಅದನ್ನು ಹಾಕಿಕೊಂಡು ಕೈ ಎತ್ತಿದ. ಇಳಿಸಿದ. ಎತ್ತಿದ. ಕೆಳಗಿನ ಅಂಚು ಕದಲಲಿಲ್ಲ.

"ಯಾರು ಹೇಳಿಕೊಟ್ರು ಪುಟ್ಟಿ?"

ನಾನು ಭುಜ ಕುಣಿಸಿದೆ.

"ಇದೇ ಸರಿ. ಆದ್ರೆ ಇದನ್ನ ಎಂಟು ಅಳತೆಗೆ ಕೈಯಲ್ಲಿ ಮಾಡೋಕೆ ಶನಿವಾರದೊಳಗೆ ನನ್ನ ಕೈಲಾಗಲ್ಲ. ಅಣ್ಣನಿಗೆ ಹೇಳು, ಅದರಲ್ಲಿ ಹಾಕ್ಲಿ. ಇಲ್ಲಾ ನೀನೇ ಕೂತು ಹಾಕು."

ಅಣ್ಣ ಅಂಕಿಯಿಂದ ಕಣ್ಣು ತೆಗೆಯಲಿಲ್ಲ. "ಹಾಕೋಣ ಹಾಕೋಣ. ಈಗ ತೊಂಬತ್ತೆರಡಿದೆ. ಮೊದಲು ಇದನ್ನ ಹತೋಟಿಗೆ ತರ್ತೀನಿ."

ಮಂಗಳವಾರವೆಲ್ಲ ಅವನು ಅದನ್ನು ಹತೋಟಿಗೆ ತಂದ. ಲ್ಯಾಪ್‌ಟಾಪಿನ ಒಳಗಿನ ಫ್ಯಾನಿಗೆ ಮೂರು ವೇಗಗಳಿದ್ದವು: ಮೌನ, ಸಾಧಾರಣ, ಜೋರು. ಮೌನದಲ್ಲಿಟ್ಟರೆ ಅಂಕಿ ಏರುತ್ತಿತ್ತು. ಜೋರಿಗಿಟ್ಟರೆ ಫೋನಿನ ಸದ್ದು ಕೇಳುತ್ತಿರಲಿಲ್ಲ, ಬಾಗಿಲಿಗೆ ಬಂದ ಗಿರಾಕಿಗಳು ಒಳಗೆ ಏನೋ ರುಬ್ಬುತ್ತಿದ್ದಾರೆಂದು ತಿಳಿದು ತಿರುಗಿ ಹೋಗುತ್ತಿದ್ದರು. ಕೊನೆಗೆ ಅಣ್ಣ ನಾಲ್ಕನೆಯದೊಂದನ್ನು ಕಂಡುಹಿಡಿದ. ಎಷ್ಟು ಬಿಸಿಗೆ ಎಷ್ಟು ವೇಗ ಎಂದು ನಾವೇ ಗೆರೆ ಬರೆದುಕೊಡಬಹುದು. ಪರದೆಯ ಮೇಲೆ ಚುಕ್ಕೆಗಳಿರುವ ಒಂದು ಗೆರೆ ಬಂತು. ನಾನು ಕಾಜಾ ಬಿಟ್ಟು ಕತ್ತು ಚಾಚಿದೆ. ಥೇಟ್ ತೋಳಿನ ಬಾಗು. ಅಣ್ಣ ಒಂದೊಂದೇ ಚುಕ್ಕೆ ಹಿಡಿದು ಎಳೆದ. ಗೆರೆ ಎಂಬತ್ತರವರೆಗೆ ನೆಲಕ್ಕೆ ಅಂಟಿಕೊಂಡು ಹೋಗಿ, ಅಲ್ಲಿಂದ ಒಮ್ಮೆಲೇ ಗೋಡೆ ಹತ್ತಿತು.

"ಅಲ್ಲಿ ಎಳೆಯುತ್ತೆ," ಅಂದೆ.

"ಏನು?"

"ಆ ಬಾಗು. ಒಂದೇ ಸಲಕ್ಕೆ ಏರ್ಸಿದ್ರೆ ಎಳೆಯುತ್ತೆ. ಕೆಳಗಿಂದಾನೇ ಸ್ವಲ್ಪ ಸ್ವಲ್ಪ ಎತ್ಕೊಂಡು ಬರ್ಬೇಕು."

"ಇದು ತೋಳಲ್ಲ ಕಣೇ, ಫ್ಯಾನ್. ಏಳನೇ ಕ್ಲಾಸ್ ಪುಸ್ತಕದಲ್ಲಿ ಇದು ಬಂದಿರಲ್ಲ."

ಬಂದಿರಲಿಲ್ಲ, ನಿಜ. ಏಳನೇ ಕ್ಲಾಸಿನ ಪುಸ್ತಕದಲ್ಲಿ ಬಿಸಿಗಾಳಿ ಹೊರಗೆ ಹೋಗುವುದಕ್ಕೆ ದಾರಿ ಬೇಕು ಅನ್ನುವುದಷ್ಟೇ ಬಂದಿತ್ತು.

ಆ ಗೆರೆಯ ಫಲವಾಗಿ ಫ್ಯಾನು ಹತ್ತು ನಿಮಿಷ ಸತ್ತಂತೆ ಬಿದ್ದಿದ್ದು, ಇದ್ದಕ್ಕಿದ್ದಂತೆ ಲಾರಿಯ ಹಾಗೆ ಭೋರಿಡುತ್ತಿತ್ತು. ಪ್ರತಿ ಸಲವೂ ಅಮ್ಮ ಬೆಚ್ಚಿ ಹೊಲಿಗೆ ಸೊಟ್ಟ ಮಾಡುತ್ತಿದ್ದಳು. ಅವಳ ಜೀವನದಲ್ಲೇ ಮೊದಲ ಸಲ ಏಪ್ರನ್ ಒಂದರ ಜೇಬು ಓರೆಯಾಯಿತು. "ಕುಣಿಲಾರದವಳು ನೆಲ ಡೊಂಕು ಅಂದ್ಳಂತೆ," ಅಂತ ಅಪ್ಪ ಅಣಕಿಸಿದ. ಅಮ್ಮ ಆ ದಿನ ಅವನೊಂದಿಗೆ ಮಾತಾಡಲಿಲ್ಲ.

ಬುಧವಾರ ಬೆಳಿಗ್ಗೆ ಅಣ್ಣ ರಿಪೇರಿಯವನನ್ನು ಕರೆಸಿದ. ಇಲ್ಲಿ ನಡೆದದ್ದನ್ನು ಸರಿಯಾಗಿ ಹೇಳಬೇಕು. ಹೊರಗಿನವರು ನೋಡುತ್ತಾರೆ ಎಂದು ಅಮ್ಮ ಬೆಳಗಾಗುತ್ತಲೇ ಲ್ಯಾಪ್‌ಟಾಪಿನ ಕೋಟು ಬಿಚ್ಚಿ, ಒಗೆದು, ಬಿಸಿಲಿಗೆ ಹಾಕಿದ್ದಳು. ಹೀಗಾಗಿ ರಿಪೇರಿಯವನ ಮುಂದೆ ಲ್ಯಾಪ್‌ಟಾಪ್ ಬರಿಮೈಯಲ್ಲಿ ಕೂತಿತ್ತು. ಅವನು ಅಡಿಯ ಮುಚ್ಚಳ ತೆಗೆದು ಒಳಗಿನಿಂದ ಬೆರಳುದ್ದದ ಧೂಳಿನ ಉಂಡೆ ಎಳೆದ.

"ಇದು ಲ್ಯಾಪ್‌ಟಾಪಾ ತಲೆದಿಂಬಾ? ಹೊಸದು ಅಂದ್ರಿ, ಒಳಗಡೆ ಹತ್ತಿ ಬೆಳೆದಿದ್ದೀರಲ್ಲ!"

ಉಳಿದದ್ದನ್ನು ಊದಿ, ಮುಚ್ಚಿ, ಅರ್ಧ ಗಂಟೆ ಓಡಿಸಿ ನೋಡಿದ. ನಲವತ್ತೆಂಟು. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

"ಇದಕ್ಕೆ ಏನೂ ಆಗಿಲ್ಲ. ನಿಮಗೇ ಏನೋ ಆಗಿದೆ," ಅಂದು ನಕ್ಕು ಹೋದ.

ಅವನು ಬೀದಿಯ ತಿರುವು ದಾಟುವುದರೊಳಗೆ ಅಮ್ಮ ಇಸ್ತ್ರಿ ಮಾಡಿದ ಕೋಟನ್ನು ಬಿಸಿಬಿಸಿಯಾಗಿಯೇ ತಂದು ತೊಡಿಸಿದಳು. ಅರ್ಧ ಗಂಟೆಗೆ ತೊಂಬತ್ತು.

"ನೋಡಿದ್ಯಾ? ಡಾಕ್ಟ್ರ ಎದುರಿಗೆ ಕೆಮ್ಮು ನಿಲ್ಲುತ್ತಲ್ಲ, ಹಂಗೇ," ಅಂದ ಅಣ್ಣ.

"ನಿನ್ನ ಹಾಗೇ ಇದೆ," ಅಂದ ಅಪ್ಪ. "ಶಾಲೆಗೆ ಹೊರಡೋವಾಗ ಜ್ವರ, ರಜಾ ದಿನ ಆರಾಮು."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆದರೆ ಆ ಮೂವರಲ್ಲಿ ಯಾರೂ ಅಂಗೈ ನೋಡುತ್ತಿರಲಿಲ್ಲ. ಹೇಳಿಬಿಡೋಣ ಎಂದು ಎದ್ದೆ. ಅಮ್ಮ ಪಕ್ಕದಲ್ಲೇ ಕೂತು ಮಖಮಲ್ಲನ್ನು ಅಂಗೈಯಿಂದ ಸವರುತ್ತಿದ್ದಳು, ಶಾಲೆಗೆ ಹೊರಟ ಮಗುವಿನ ಕೂದಲು ಒಪ್ಪ ಮಾಡುವ ಹಾಗೆ. ಆ ಮುಖದ ಎದುರು ನಿಂತು ಆ ಕೋಟಿನ ಬಗ್ಗೆ ಯಾರು ಹೇಳುತ್ತಾರೆ? ನೀರು ಕುಡಿದು ಬಂದು ಕೂತೆ.

ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಅಡ್ಡಾದಳು, ಅಪ್ಪ ದಾರ ತರಲು ಹೋದ, ಅಣ್ಣ ಸ್ನಾನಕ್ಕೆ ಹೋದ. ಲ್ಯಾಪ್‌ಟಾಪನ್ನು ಮಗುವಿನಂತೆ ಬೋರಲು ಮಲಗಿಸಿ ಕೋಟು ಬಿಚ್ಚಿದೆ. ಅದರ ಹೊಟ್ಟೆಯಲ್ಲಿ ಎರಡು ಸಾಲು ಸೀಳುಗಳಿದ್ದವು, ಸಾಲಿಗೆ ಆರು. ಸೀಮೆಸುಣ್ಣದಿಂದ ಕೋಟಿನ ಮೇಲೆ ಅದೇ ಜಾಗ ಗುರುತಿಸಿಕೊಂಡು ಹನ್ನೆರಡು ಸೀಳು ಕೊಟ್ಟೆ. ಆದರೆ ಮಖಮಲ್ಲನ್ನು ಹಾಗೇ ಸೀಳಿಬಿಟ್ಟರೆ ನೂಲು ಬಿಚ್ಚುತ್ತದೆ, ಸ್ಪಂಜು ಕಾಣುತ್ತದೆ, ಅಮ್ಮನ ಎದೆ ಒಡೆಯುತ್ತದೆ. ಹಾಗಾಗಿ ಪ್ರತಿಯೊಂದಕ್ಕೂ ನೀಲಿ ದಾರದಲ್ಲಿ ಕಾಜಾ ಹಾಕಿದೆ. ಅಣ್ಣನ ಸ್ನಾನ ಎಂದಿಗೂ ಬೇಗ ಮುಗಿಯುವುದಿಲ್ಲ ಅನ್ನುವುದು ನನ್ನ ಭಾಗ್ಯ. ಕೊನೆಯ ಕಾಜಾಕ್ಕೆ ಗಂಟು ಹಾಕಿ ಕೋಟು ತೊಡಿಸುವಾಗ ಬಾಗಿಲ ಚಿಲಕದ ಸದ್ದಾಯಿತು.

ಸಂಜೆ ಅಂಕಿ ಅರವತ್ತಕ್ಕೆ ಇಳಿಯಿತು. ಗುರುವಾರ ಬೆಳಿಗ್ಗೆ ಐವತ್ತೆಂಟು.

"ಬಂತು!" ಎಂದು ಅಣ್ಣ ಮೇಜು ಗುದ್ದಿದ. "ಗೆರೆ ಕೆಲಸ ಮಾಡ್ತಿದೆ. ಎಂಬತ್ತರಲ್ಲಿ ಏರ್ಸಿದ್ನಲ್ಲ, ಅದೇ ಗುಟ್ಟು."

ಎಂಬತ್ತು ಮುಟ್ಟದ ಮೇಲೆ ಎಂಬತ್ತರ ಗುಟ್ಟು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಬಹುದಿತ್ತು. ನನಗೆ ಬೇಕಾದದ್ದು ಬೇರೆ.

"ಅಣ್ಣ, ಈಗ ತಣ್ಣಗಿದೆಯಲ್ಲ. ನಾನು ಆ ತೋಳು ಹಾಕ್ಲಾ?"

"ಈಗ ತಾನೇ ಜ್ವರ ಬಿಟ್ಟಿದೆ, ಆಗ್ಲೇ ಕೆಲಸಕ್ಕೆ ಹಚ್ತೀಯಾ? ಇವತ್ತೊಂದಿನ ಸುಧಾರಿಸ್ಕೊಳ್ಲಿ. ನಾಳೆ ನಾನೇ ಹಾಕ್ತೀನಿ."

ಬಿಸಿಯಾಗಿದ್ದಾಗ ತಣ್ಣಗಾಗಲಿ, ತಣ್ಣಗಿದ್ದಾಗ ಯಾಕೆ ಬಿಸಿಮಾಡುವುದು. ಈ ಎರಡರ ನಡುವೆ ನನ್ನ ಒಂದು ಗಂಟೆ ಎಲ್ಲಿ ಬರುತ್ತದೆ ಎಂದು ಕಾಜಾ ಹಾಕುತ್ತ ಯೋಚಿಸಿದೆ. ಅಪ್ಪ ಸುಮ್ಮನೆ ನನ್ನ ಕಂದು ಕಾಗದವನ್ನು ಮೇಜಿನ ಮೇಲೆ ಅಣ್ಣನಿಗೆ ಕಾಣುವ ಹಾಗೆ ಇಟ್ಟ. ಅಣ್ಣ ಅದರ ಮೇಲೆ ಚಹಾ ಲೋಟ ಇಟ್ಟ.

ಅಂದು ಸಂಜೆ ಧೂಳು ಒರೆಸುವಾಗ ಅಮ್ಮನಿಗೆ ಕಾಜಾಗಳು ಸಿಕ್ಕವು. ಕೋಟನ್ನು ತಿರುಗಿಸಿ ಹೆಬ್ಬೆರಳಿನಿಂದ ಒಂದೊಂದನ್ನೇ ಮುಟ್ಟಿ ನೋಡಿದಳು.

"ನಿನ್ನ ಕೈಯಲ್ವಾ ಇದು?"

ತಲೆ ಆಡಿಸಿದೆ.

"ಚೆನ್ನಾಗಿ ಬಂದಿದೆ," ಅಂದಳು. ಅಷ್ಟೇ. ಯಾಕೆ ಹಾಕಿದೆ ಎಂದು ಕೇಳಲಿಲ್ಲ. ನಾನು ಉಸಿರು ಬಿಟ್ಟೆ.

ಉಸಿರು ಬಿಡಬಾರದಿತ್ತು. ಗುಂಡಿ ಇಲ್ಲದ ಕಾಜಾ ಕಂಡರೆ ಅಮ್ಮನಿಗೆ ಊಟ ಸೇರುವುದಿಲ್ಲ. ಶುಕ್ರವಾರ ಬೆಳಿಗ್ಗೆ ನಾನು ನೋಡುವಾಗ ಕೋಟಿನ ಒಳಗೆ ಎರಡು ಪಟ್ಟಿ ಕೂತಿದ್ದವು, ಅವುಗಳ ಮೇಲೆ ಹನ್ನೆರಡು ಮುತ್ತಿನ ಬಣ್ಣದ ಗುಂಡಿ. ಹನ್ನೆರಡನ್ನೂ ಹಾಕಿ ಬಿಗಿದಿದ್ದಳು. ಮಗಳು ಮರೆತು ಬಿಟ್ಟ ಕೆಲಸವನ್ನು ತಾಯಿ ಪೂರ್ತಿ ಮಾಡಿದ ಸಮಾಧಾನ ಆ ಮುಖದಲ್ಲಿತ್ತು. ಅಷ್ಟರಲ್ಲಿ ಅಣ್ಣ ಅದರ ಮುಂದೆ ಕೂತು ಬೆರಳು ಮುರಿದುಕೊಂಡು, ಕೊನೆಗೂ ತೋಳು ಬರೆಯಲು ಶುರು ಮಾಡಿಯಾಗಿತ್ತು.

"ಅಣ್ಣ, ಒಂದು ನಿಮಿಷ, ಕೆಳಗಡೆ…"

"ಮಧ್ಯೆ ಮಾತಾಡಬೇಡ. ಗೆರೆ ತಪ್ಪುತ್ತೆ."

ನನ್ನ ಕಾಗದ ನೋಡದೆ ತನ್ನ ಮನಸ್ಸಿನಿಂದಲೇ ಬರೆಯುತ್ತಿದ್ದ. ಎಪ್ಪತ್ತು. ಎಂಬತ್ತೆರಡು. ಫ್ಯಾನು ಭೋರಿಟ್ಟಿತು. ಗುಂಡಿಗಳು ಮೇಜಿನ ಮೇಲೆ ಕಟಕಟನೆ ನಡುಗಿದವು. ತೊಂಬತ್ತೈದು. ನಾನು ಕಾಜಾ ಮಣೆಯ ಅಂಚು ಹಿಡಿದುಕೊಂಡಿದ್ದೆ. ಪರದೆ ಕಪ್ಪಾಯಿತು. ಫ್ಯಾನು ನಿಟ್ಟುಸಿರು ಬಿಟ್ಟು ನಿಂತಿತು. ಬರೆದದ್ದನ್ನು ಅಣ್ಣ ಉಳಿಸಿಟ್ಟಿರಲಿಲ್ಲ.

ಮನೆಗೆ ಸಾವಿನ ಕಳೆ ಬಂತು. ಆಮೇಲೆ ಅಪ್ಪ ಎಣ್ಣೆ ಡಬ್ಬಿಯ ಕಡೆ ನೋಡಿದ.

"ಈಗಲಾದ್ರೂ…"

"ಅಪ್ಪಾ!"

ಮಧ್ಯಾಹ್ನ ಅಣ್ಣ ಮಂಕಾಗಿ ಮಲಗಿದ. ನಾನು ಆ ಪಟ್ಟಿಗಳ ಹೊಲಿಗೆ ಬಿಚ್ಚಿದೆ. ಹನ್ನೆರಡು ಗುಂಡಿಗಳನ್ನು ಬಿಸಾಡಿದರೆ ಅಮ್ಮ ಮತ್ತೆ ಹಚ್ಚುತ್ತಾಳೆ, ಅದು ಗೊತ್ತಿತ್ತು. ಒಂದೊಂದು ಕಾಜಾದ ಪಕ್ಕದಲ್ಲಿ ಒಂದೊಂದು ಗುಂಡಿ ಹೊಲಿದೆ. ಅಮ್ಮ ಎದ್ದು ಬಂದು ನೋಡಿ, "ಇದ್ಯಾಕೆ ಹೀಗೆ?" ಅಂದಳು.

"ಸೆಕೆ ಅಮ್ಮ. ಗುಂಡಿ ಬಿಚ್ಕೊಂಡಿದೆ."

ಅಮ್ಮ ಒಂದು ಕ್ಷಣ ಯೋಚಿಸಿದಳು. "ಹ್ಞೂಂ, ಸೆಕೆಗೆ ಬಿಚ್ಕೊಳ್ಳೋದು ಸರಿ," ಅಂದು ತನ್ನ ಕುತ್ತಿಗೆ ಒರೆಸಿಕೊಂಡಳು. ಹೇಳಬೇಕಾದದ್ದನ್ನು ಹೇಳುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ನಾನು ಮೂರು ವಾರ ಮೊದಲೇ ಹೇಳುತ್ತಿದ್ದೆ.

ಸಂಜೆ ಅಣ್ಣ ಲ್ಯಾಪ್‌ಟಾಪನ್ನು ಹೆದರುತ್ತ ಹೆದರುತ್ತ ಆನ್ ಮಾಡಿದ. ನಲವತ್ತಾರು. ಅರ್ಧ ಗಂಟೆ ಕಾದ. ನಲವತ್ನಾಲ್ಕು. ಅವನ ಮುಖದಲ್ಲಿ ಒಂದು ಹೊಸ ಜ್ಞಾನ ಮೂಡಿದ್ದನ್ನು ನೋಡಿ ನನಗೆ ಭಯವಾಯಿತು.

"ಈಗ ಅರ್ಥ ಆಯ್ತು," ಅಂದ. "ಇದಕ್ಕೆ ಕೆಲಸ ಕೊಟ್ರೆ ಬಿಸಿ ಆಗುತ್ತೆ. ಕೊಡದಿದ್ರೆ ಆಗಲ್ಲ. ಇಷ್ಟೇ ಇರೋದು."

"ಆ ಗುಟ್ಟು ನೀನು ಹುಟ್ಟಿದಾಗಿಂದ ಪಾಲಿಸ್ಕೊಂಡು ಬಂದಿದ್ದೀಯ," ಅಂದ ಅಪ್ಪ.

"ಅಣಕಿಸು. ನಾಳೆ ಅವರು ಬಂದಾಗ ಇದು ನಲವತ್ತರಲ್ಲಿ ಇರ್ಬೇಕು. ಅವರ ಮುಂದೆ ಆರಿ ಹೋದ್ರೆ ಮರ್ಯಾದೆ ಪ್ರಶ್ನೆ. ಅಲ್ಲಿವರೆಗೆ ಯಾರೂ ಮುಟ್ಟಬೇಡಿ. ನೀನು ಕೈಯಲ್ಲಿ ಆದಷ್ಟು ಬರೆದು ತೋರ್ಸು."

ಅಪ್ಪ ಕೈಯಲ್ಲಿ ಒಂದೂವರೆ ಅಳತೆ ಬರೆಯುವಷ್ಟರಲ್ಲಿ ನಡುರಾತ್ರಿ ದಾಟಿತು.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನಾವು ಮಾತಿಲ್ಲದೆ ಮಿಷನ್ನುಗಳ ಹೊಟ್ಟೆ ಬಿಚ್ಚಿದೆವು. ಬಿಳಿ ಧೂಳು. ದೊಡ್ಡ ನರ್ಸಮ್ಮ ಬರುವುದಕ್ಕೆ ಮೂರು ಗಂಟೆ ಇತ್ತು. ತೋಳು ಬರೆಯುವುದಕ್ಕೆ ಮುಕ್ಕಾಲು ಗಂಟೆ, ಅದನ್ನು ಎಂಟು ಅಳತೆ ಮಾಡಲು ಲ್ಯಾಪ್‌ಟಾಪಿಗೆ ಬೇಕಾದದ್ದು ಒಂದು ನಿಮಿಷವೂ ಅಲ್ಲ. ಕಂದು ಕಾಗದ ನನ್ನ ಮಡಿಲಲ್ಲಿತ್ತು, ಮೇಲೆ ಚಹಾ ಲೋಟದ ಉಂಗುರ. ಅಣ್ಣ ಮೆತ್ತನೆಯ ಬಟ್ಟೆಯಿಂದ ಪರದೆ ಒರೆಸುತ್ತಿದ್ದ. ಮೂಲೆಯಲ್ಲಿ ನಲವತ್ತೊಂದು. ಫ್ಯಾನಿನ ಸದ್ದೇ ಇಲ್ಲ. ಗುಂಡಿ ಬಿಚ್ಚಿಕೊಂಡ ಕೋಟಿನಲ್ಲಿ ಅದು ರಜೆಯ ಮೇಲೆ ಬಂದ ನೆಂಟನ ಹಾಗೆ ಕೂತಿತ್ತು.

ಅಪ್ಪನ ಮಿಷನ್ ಇನ್ನೂ ಸದ್ದು ಮಾಡಿರಲಿಲ್ಲ. ಮಾತಾಡುವ ಹೊತ್ತಲ್ಲ.

"ಅಣ್ಣ," ಅಂದೆ.

ಅಮ್ಮನ ಬ್ರಷ್ಷು ಅರೆಗಳಿಗೆ ನಿಂತು ಮತ್ತೆ ಆಡಿತು. ಅಪ್ಪ ತಲೆ ಎತ್ತಲಿಲ್ಲ, ಎಣ್ಣೆಯ ಹನಿ ಡಬ್ಬಿಯ ತುದಿಯಲ್ಲಿ ನೇತಾಡುತ್ತಿತ್ತು. ಅಣ್ಣ ನನ್ನನ್ನು ನೋಡಿದ, ಅಂಕಿಯನ್ನು ನೋಡಿದ, ಪರದೆ ಒರೆಸಿದ. ನನ್ನ ದನಿ ನನಗೇ ಕೇಳಿಸಿತೋ ಇಲ್ಲವೋ ಎಂಬ ಅನುಮಾನದಿಂದ, ಈ ಸಲ ಬೀದಿಗೂ ಕೇಳುವ ಹಾಗೆ ಹೇಳಿದೆ.

"ಅಣ್ಣ, ಈಗ ತಣ್ಣಗಿದೆ. ನಾನು ಒಂದು ಗಂಟೆ ಕೂತ್ಕೊಳ್ಲಾ?"